ಒಂದನೇ ತರಗತಿಯಲ್ಲಿ ಮೂವತ್ತೊಂದು ವರ್ಷ

ಇದ್ದಿಲು ಅರೆದು, ತೊಂಡೆ ಸೊಪ್ಪಿನ ಜೊತೆ ಸೇರಿಸಿ ಸ್ಲೇಟಿಗೆ ಉಜ್ಜಿದರೆ ಒಂದು ವಾಸನೆ ಬರುತ್ತದೆ. ಹಸಿ ಎಲೆಯದೂ ಅಲ್ಲ, ಒಲೆಯದೂ ಅಲ್ಲ, ಎರಡರ ನಡುವಿನದು. ಹೊಸದುರ್ಗದ ನಮ್ಮ ಮನೆಯ ಹಿತ್ತಿಲಲ್ಲಿ ಭಾನುವಾರ ಸಂಜೆ ಅಕ್ಕತಂಗಿಯರು ಸಾಲಾಗಿ ಕೂತು ಸ್ಲೇಟು ಕಪ್ಪು ಮಾಡುತ್ತಿದ್ದಾಗ ಮೂಗಿಗೆ ಹತ್ತಿದ ವಾಸನೆ ಅದು. ಇಷ್ಟು ವರ್ಷಗಳ ಮೇಲೆ ಧರ್ಮಪುರದಾಚೆಯ ಒಂದು ಗೊಲ್ಲರ ಹಟ್ಟಿಯ ಶಾಲೆಯ ಜಗಲಿಯಲ್ಲಿ, ಬೆಳಗಿನ ಆರೂವರೆಗೆ, ಅದು ಮತ್ತೆ ಸಿಗುತ್ತದೆಂದು ಎಣಿಸಿರಲಿಲ್ಲ.

ಉಜ್ಜುತ್ತಿರುವವರು ಕಾಳಕ್ಕ. ವಯಸ್ಸು ಐವತ್ತೇಳೋ ಐವತ್ತೆಂಟೋ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಕ್ಕದಲ್ಲಿ ಒಂದು ತಂಬಿಗೆ ನೀರು, ಮುಂದೆ ಸ್ಲೇಟುಗಳ ರಾಶಿ. ಉಜ್ಜಿದ ಒಂದೊಂದನ್ನೂ ಗೋಡೆಗೆ ಒರಗಿಸುತ್ತಾರೆ. ಅಂಚು ಒಡೆದ ಸ್ಲೇಟು ಸಿಕ್ಕರೆ ಅದನ್ನು ಬೇರೆ ಇಟ್ಟು, ಹರಿದ ಬಟ್ಟೆಯ ಪಟ್ಟಿಯನ್ನು ಅಂಚಿಗೆ ಸುತ್ತಿ ಗಂಟು ಹಾಕುತ್ತಾರೆ. "ಕೈ ಕುಯ್ಕಂತವೆ" ಎಂದು ನನ್ನ ಕಡೆ ನೋಡದೆಯೇ ಹೇಳುತ್ತಾರೆ.

ಸ್ಲೇಟು ಮುಗಿದ ಮೇಲೆ ಒಂದು ಕಿಲೋಮೀಟರ್ ನಡೆದು ಹಟ್ಟಿಗೆ ಹೋಗುತ್ತಾರೆ. ಬೇಲಿಯ ಬಾಯಲ್ಲಿ ನಿಂತು ಕೂಗುತ್ತಾರೆ. ಒಂದೊಂದೇ ಗುಡಿಸಲಿನಿಂದ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಬರುತ್ತವೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವ ಮಗು ಯಾವುದೋ ಅದರ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸಿ ಕಾಳಕ್ಕ ಹಿಂದೆ ಬರುತ್ತಾರೆ. ಎಷ್ಟು ಮಕ್ಕಳು ಎಂದು ಕೇಳಿದೆ.

"ಎಲ್ಲಾ ಅವೆ. ಮುದ್ದಣ್ಣನ ಮಗಳು ಒಬ್ಳು ಇಲ್ಲ, ಅವಳಿಗೆ ಜ್ವರ."

ಸಂಖ್ಯೆ ಹೇಳುವುದಿಲ್ಲ. ಹಟ್ಟಿಯಲ್ಲಿ ಕುರಿಯನ್ನೂ ಎಣಿಸುವುದಿಲ್ಲವಂತೆ, ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ತಿಳಿಯಬೇಕಂತೆ. ನಾನೇ ಎಣಿಸಿದೆ, ಹದಿನಾರು. ಶಾಲೆಯ ಹಾಜರಿಯಲ್ಲಿ ಹದಿನೇಳು ಹೆಸರಿದೆ. ಕಾಳಕ್ಕನ ಲೆಕ್ಕ ಸರಿಯಾಗಿದೆ.

ನಿಜ ಹೇಳಬೇಕೆಂದರೆ, ನಾನು ಬಂದದ್ದು ಇವರ ಬಗ್ಗೆ ಬರೆಯಲು ಅಲ್ಲ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ಕಲಿಸುವ ಏಕನಾಥಮ್ಮ ಮೇಡಂ ಬಗ್ಗೆ ಬರೆಯಬೇಕಿತ್ತು. ಅವರೇ ನನ್ನನ್ನು ತಡೆದರು. "ನನಗೆ ಸರ್ಕಾರ ಸಂಬಳ ಕೊಡುತ್ತೆ. ಅಲ್ಲಿ ಕೂತಿದ್ದಾರಲ್ಲ, ಅವರ ಬಗ್ಗೆ ಬರೀರಿ. ಅದರಲ್ಲೂ ಈ ವಾರವೇ ಬರೀರಿ."

ಸರಿ, ಅವರ ಕೆಲಸವೇನು? ಇಲ್ಲಿಂದ ನನ್ನ ಗೊಂದಲ ಶುರುವಾಯಿತು. ಆಯಾ ಅನ್ನೋಣವೆಂದರೆ ಅಂಥ ಹುದ್ದೆ ಈ ಶಾಲೆಯಲ್ಲಿಲ್ಲ. ಅಡುಗೆಯವರೂ ಅಲ್ಲ, ಅಡುಗೆಗೆ ಮುದ್ದಕ್ಕ ಇದ್ದಾರೆ. ಮುದ್ದಕ್ಕನನ್ನೇ ಕೇಳಿದೆ. ಒಲೆಯ ಹೊಗೆಯಿಂದ ಕಣ್ಣೊರೆಸಿಕೊಂಡು ನಕ್ಕರು. "ಅಯ್ಯೋ, ನಮ್ಮ ಕಾಳಕ್ಕ ಒಂದನೇ ಕ್ಲಾಸ್ ಕಣಮ್ಮ. ಫೇಲಾಗಿ ಫೇಲಾಗಿ ಅಲ್ಲೇ ಕುಂತೈತೆ!" ಮಕ್ಕಳನ್ನು ಕೇಳಿದರೆ, "ನಮ್ಮ ಕ್ಲಾಸಿನವ್ರು" ಎಂದರು.

ಕಾಳಕ್ಕನದೇ ಉತ್ತರ ಇನ್ನೂ ಸರಳ. ಅವರ ಮಗಳು ಯಲ್ಲಕ್ಕನನ್ನು ಶಾಲೆಗೆ ಸೇರಿಸಿದಾಗ ಮಗು ಅಮ್ಮನ ಸೆರಗು ಬಿಡಲಿಲ್ಲ. ಆಗಿನ ಮೇಷ್ಟ್ರು, ನೀನೂ ಒಳಗೆ ಬಾರಮ್ಮ ಎಂದರು.

"ಒಂದ್ ದಿನ ಕುಂತ್ಕ ಅಂದ್ರು. ಕುಂತ್ಕಂಡೆ. ಆಮೇಲೆ ಎದ್ದೇಳು ಅಂತ ಯಾರೂ ಹೇಳ್ಲಿಲ್ಲ."

ಯಲ್ಲಕ್ಕ ಎರಡನೇ ತರಗತಿಗೆ ಹೋದಳು. ಆ ಹೊತ್ತಿಗೆ ಹಟ್ಟಿಯ ಇನ್ನೊಂದು ಮಗು ಕಾಳಕ್ಕನ ಸೆರಗು ಹಿಡಿದಿತ್ತು. ಅದು ಬಿಡುವಾಗ ಮತ್ತೊಂದು. ಮೇಷ್ಟ್ರುಗಳು ಬದಲಾದರು, ಮಣ್ಣಿನ ಗೋಡೆ ಹೋಗಿ ಇಟ್ಟಿಗೆ ಬಂತು, ಪುಸ್ತಕ ನಾಲ್ಕೈದು ಸಲ ಬದಲಾಯಿತು. ಈಗ ಚಿತ್ರದ ಕಾರ್ಡುಗಳೂ ಬಂದಿವೆ. ಯಲ್ಲಕ್ಕನ ಮಕ್ಕಳೂ ಇದೇ ಕೋಣೆ ದಾಟಿಹೋದರು. ಕಾಳಕ್ಕ ಮಾತ್ರ ಅಲ್ಲೇ. ಗಂಡ ಚಿತ್ರಲಿಂಗಪ್ಪ ವರ್ಷದಲ್ಲಿ ನಾಲ್ಕು ತಿಂಗಳು ಕುರಿಯ ಜೊತೆ ಊರೂರು ಹೋಗುತ್ತಾರೆ. ಹೆಂಡತಿಯೂ ಬರಲೆಂಬ ಆಸೆ ಅವರದು. "ಕುರಿ ಬಿಟ್ಟು ಇವನ್ನ ಕಾಯ್ತೀಯಲ್ಲ, ಇವು ಉಣ್ಣೆ ಕೊಡ್ತಾವಾ ಅಂತ ಬೈತೈತೆ" ಎಂದು ಕಾಳಕ್ಕ ನಗುತ್ತಾರೆ. ಮೊದಲ ಹತ್ತು ವರ್ಷ ಆ ಬೈಗುಳಕ್ಕೆ ಅಳುತ್ತಿದ್ದರಂತೆ.

ತರಗತಿಯಲ್ಲಿ ಅವರು ಕೂರುವ ಜಾಗ ನಿಗದಿ. ಬೋರ್ಡಿಗೆ ಬೆನ್ನು, ಮಕ್ಕಳಿಗೆ ಮುಖ. "ಪಕ್ಕ ಕುಂತ್ರೆ ತೊಡೆ ಮ್ಯಾಲೆ ಮಲಿಕ್ಯಂತವೆ. ಎದುರಿಗೆ ಕುಂತ್ರೆ ಮಾತ್ರ ಓದ್ತವೆ" ಅನ್ನುವುದು ಅವರ ಅನುಭವ. ಮಗು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತದೆ, ಕಾಳಕ್ಕ ಎದುರಿನಿಂದ ಬಗ್ಗಿ ಬೆರಳಿಡುತ್ತಾರೆ. ಸ್ಲೇಟಿನಲ್ಲಿ ಅಕ್ಷರ ಸೊಟ್ಟಗಾದರೆ ಅಲ್ಲಿಂದಲೇ ಬಳಪ ಊರಿ ತಿದ್ದಿಕೊಡುತ್ತಾರೆ. ಸೆರಗಿನ ಗಂಟಿನಲ್ಲಿ ಬಳಪದ ಚೂರುಗಳಿವೆ, ತರದವರಿಗೆ ಬಾಯಿ ಬಿಟ್ಟು ಕೇಳುವ ಮೊದಲೇ ಸಿಗುತ್ತವೆ. ಹತ್ತೂವರೆಗೆ ಒಂದು ಪುಟ್ಟ ಹುಡುಗಿ ಕೂತಲ್ಲೇ ಒದ್ದೆ ಮಾಡಿಕೊಂಡಳು. ಇನ್ನೂ ಯಾರೂ ನೋಡಿರಲಿಲ್ಲ. ಕಾಳಕ್ಕನ ಮೊಣಕೈ ತಗುಲಿ ಪಕ್ಕದಲ್ಲಿದ್ದ ನೀರಿನ ತಂಬಿಗೆ ಉರುಳಿತು, ನೀರು ಆ ಮಗುವಿನ ಕಡೆಗೇ ಹರಿಯಿತು. "ಅಯ್ಯೋ, ನನ್ನ ಕೈ ಸುಟ್ಟುಹೋಗ, ಕೂಸಿನ ಲಂಗ ಎಲ್ಲಾ ತೋಯ್ದೋತಲ್ಲ!" ಎಂದು ಗೊಣಗುತ್ತ ಅವಳನ್ನು ಎತ್ತಿಕೊಂಡು ಹೊರಗೆ ಹೋದರು. ತಂಬಿಗೆ ತಾನಾಗಿ ಉರುಳಿತೋ, ಉರುಳಿಸಿದರೋ ಎಂದು ನಾನು ಕೇಳಲಿಲ್ಲ. ವಾರಕ್ಕೆ ಎರಡು ಸಲವಾದರೂ ಉರುಳುತ್ತದೆ ಎಂದು ಏಕನಾಥಮ್ಮ ಆಮೇಲೆ ಹೇಳಿದರು.

ಈ ವಾರವೇ ಬರೀರಿ ಎಂದು ಮೇಡಂ ಹೇಳಿದ್ದಕ್ಕೆ ಕಾರಣವಿದೆ. ಶಾಲೆಗಳನ್ನು ನೋಡಿಕೊಂಡು ಹೋಗಲು ಹೊಸದಾಗಿ ಬಂದಿರುವ ಅಧಿಕಾರಿ ಮುರುಗಪ್ಪನವರು ಹೋದ ತಿಂಗಳು ಬಂದಾಗ, "ಇವರು ಯಾರು?" ಎಂದು ಕೇಳಿದರು. ಯಾವ ದಾಖಲೆಯಲ್ಲೂ ಅವರ ಹೆಸರಿರಲಿಲ್ಲ. ಯಾರೆಂದು ದಾಖಲೆ ಇಲ್ಲದವರು ತರಗತಿಯೊಳಗೆ ಕೂರುವಂತಿಲ್ಲ, ನಾಳೆ ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ? ಅವರ ಮಾತಿನಲ್ಲಿ ತಪ್ಪಿಲ್ಲ. ಅವರೇ ಒಂದು ದಾರಿಯನ್ನೂ ಹೇಳಿದರು. ಕಾಳಕ್ಕನನ್ನು ಸ್ವಯಂಸೇವಕಿ ಎಂದು ತೋರಿಸಬಹುದು. ಆದರೆ ಆ ಫಾರಂನಲ್ಲಿ ಒಂದು ಕಾಲಂ ಇದೆ, ಓದು ಬರಹ ಬಲ್ಲರೇ ಎಂದು. ಬಲ್ಲರಾದರೆ ಒಳಗೆ, ಇಲ್ಲವಾದರೆ ಗೇಟಿನ ತನಕ ಮಾತ್ರ. ಓದಿಸಿ ನೋಡಿ ಆ ಕಾಲಂ ತುಂಬಲು ಈ ವಾರ ಮತ್ತೆ ಬರುತ್ತೇನೆಂದು ಹೇಳಿಹೋಗಿದ್ದರು.

ಕಾಳಕ್ಕನಿಗೆ ಓದಲು ಬರುತ್ತದೆಯೇ? ಇದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಮಗು ತಪ್ಪು ಓದಿದ್ರೆ ತಕ್ಷಣ ಬೆರಳಿಡ್ತಾರೆ, ಇಲ್ನೋಡು ಅಂತಾರೆ" ಎನ್ನುತ್ತಾರೆ ಏಕನಾಥಮ್ಮ. "ಅದೇ ನಾನು ಒಂದು ಕಾಗದ ಕೊಟ್ಟು ಓದಿ ಅಂದ್ರೆ, ವಾಪಸ್ ಕೊಡ್ತಾರೆ. ಎಲ್ಲಾ ಬಾಯಿಪಾಠ ಇರಬೇಕು ಅಂದ್ಕೊಂಡಿದೀನಿ. ಆದ್ರೆ ಹೊಸ ಪುಸ್ತಕ ಬಂದ ಮೊದಲ ದಿನವೂ ಬೆರಳಿಡ್ತಾರಲ್ಲ, ಅದೇ ಅರ್ಥವಾಗಲ್ಲ."

ಕಾಳಕ್ಕನಿಗೆ ಮಾತ್ರ ಯಾವ ಅನುಮಾನವೂ ಇಲ್ಲ. "ಬರಲ್ಲ ಕಣಮ್ಮ. ಬಸ್ಸಿನ ಬೋರ್ಡು ಓದಾಕೆ ಬಂದಿದ್ರೆ ಹಿರಿಯೂರಿಗೆ ಹೋಗಬೇಕಾದೋಳು ಒಂದ್ ಸಲ ಆಂಧ್ರಕ್ಕೆ ಯಾಕೆ ಹೋಗ್ತಿದ್ದೆ? ಮಡಕಶಿರಾದಾಗೆ ಇಳಿಸಿದ್ರು!"

ಹನ್ನೊಂದೂವರೆಗೆ ಮುರುಗಪ್ಪನವರ ಬೈಕು ಬಂತು. ಹೊಳಲ್ಕೆರೆ ಕಡೆಯವರು, ಮೃದು ಮಾತು. ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಬಾಯಿಪಾಠ ಒಪ್ಪಿಸಿಬಿಡುತ್ತಾರೆಂದು, ಚೀಲದಿಂದ ಹೊಸ ಕಥೆಪುಸ್ತಕವೊಂದನ್ನು ತಂದಿದ್ದರು. ಕಾಳಕ್ಕ ತಮ್ಮ ಜಾಗದಲ್ಲೇ ಕೂತಿದ್ದರು, ಅವರು ಎದುರಿಗೆ ಚಾಪೆಯ ಮೇಲೆ ಕೂತರು. ಪುಸ್ತಕ ಬಿಡಿಸಿ, ಗೌರವದಿಂದ ಅವರ ಕಡೆಗೆ ತಿರುಗಿಸಿ ಕೊಟ್ಟರು.

"ಓದಮ್ಮ. ನಿಧಾನಕ್ಕೆ ಓದು, ಅವಸರ ಇಲ್ಲ."

ಕಾಳಕ್ಕ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಕೊನೆಗೆ ಪುಸ್ತಕ ಕೆಳಗಿಟ್ಟರು. "ಬರಲ್ಲ ಸಾಮಿ. ಮೊದ್ಲೇ ಹೇಳಿದ್ನಲ್ಲ."

ಮುರುಗಪ್ಪನವರು ಪೆನ್ನಿನ ಮುಚ್ಚಳ ತೆಗೆದರು. ಏಕನಾಥಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಗ ಒಂದನೇ ತರಗತಿಯ ಕಾಟಮ್ಮ, ಕಾಳಕ್ಕನ ಎದುರು ದಿನಾ ಕೂರುವವಳು, ಸಿಟ್ಟಿನಿಂದ ಎದ್ದಳು.

"ಅಜ್ಜಿ ಹಂಗೆ ಹಿಡ್ಕಳಲ್ಲ ಸಾರ್! ನಾನ್ ಹಿಡ್ಕಂತೀನಿ."

ಅಧಿಕಾರಿಯನ್ನು ಸರಿಸಿ ನಡುವೆ ಕೂತು, ಪುಸ್ತಕವನ್ನು ತನ್ನ ತೊಡೆಯ ಮೇಲೆ, ತನ್ನ ಕಡೆಗೆ ಮುಖ ಮಾಡಿ ಇಟ್ಟುಕೊಂಡಳು. ಕಾಳಕ್ಕ ಅಭ್ಯಾಸಬಲದಿಂದ ಎದುರಿನಿಂದ ಬಗ್ಗಿದರು. ಬೆರಳಿಟ್ಟು ಓದಿದರು.

"ಒಂದು... ಊರಿನಲ್ಲಿ... ಒಬ್ಬ ಕುಂಬಾರ ಇದ್ದ. ಅವನ ಬಳಿ ಒಂದು... ಕುಂಟ... ಕತ್ತೆ ಇತ್ತು."

ಕಾಟಮ್ಮನೇ ಪಿಸುಗುಟ್ಟಿ ಹೇಳಿಕೊಟ್ಟಳೇನೋ ಎಂದು ಮುರುಗಪ್ಪನವರಿಗೆ ಅನುಮಾನ. ಅವಳನ್ನು ಈಚೆ ಕೂರಿಸಿ, ತಮ್ಮ ಚೀಲದಲ್ಲಿದ್ದ ಅಂದಿನ ಪತ್ರಿಕೆಯನ್ನು ನೆಲದ ಮೇಲೆ ಹಾಸಿದರು. ಮೊದಲು ಕಾಳಕ್ಕನಿಗೆ ನೇರವಾಗಿ. ಕಾಳಕ್ಕ ಬರಲ್ಲವೆಂದು ತಲೆಯಾಡಿಸಿದರು. ಆಮೇಲೆ ಮುರುಗಪ್ಪನವರು ಅದನ್ನೇ ತಲೆಕೆಳಗು ಮಾಡಿದರು.

"ಹಿರಿಯೂರಿನಲ್ಲಿ... ನಾಳೆ... ವಿದ್ಯುತ್..." ಮುಂದಿನ ಪದದಲ್ಲಿ ಬೆರಳು ನಿಂತಿತು. "ಇದು ಒಂದನೇ ಕ್ಲಾಸಿನದಲ್ಲ ಸಾಮಿ."

ಯಾರೂ ನಗಲಿಲ್ಲ. ನಗಬೇಕೋ ಬೇಡವೋ ತಿಳಿಯಲಿಲ್ಲ. ಮೂವತ್ತೊಂದು ವರ್ಷ ಮಕ್ಕಳ ಎದುರು ಕೂತು, ಮಕ್ಕಳ ಕಡೆಗೆ ತಿರುಗಿದ ಪುಸ್ತಕವನ್ನೇ ನೋಡುತ್ತ ಬಂದ ಹೆಂಗಸು ಅಕ್ಷರ ಕಲಿತದ್ದೂ ಹಾಗೆಯೇ, ತಲೆಕೆಳಗಾಗಿ. ಬೆನ್ನ ಹಿಂದಿನ ಬೋರ್ಡನ್ನು ಅವರು ನೋಡಿಯೇ ಇರಲಿಲ್ಲ. ಬಸ್ಸಿನ ಹಣೆಯ ಮೇಲೆ ಯಾರೂ ಊರ ಹೆಸರನ್ನು ತಲೆಕೆಳಗು ಬರೆಸುವುದಿಲ್ಲ. ತನಗೆ ಓದು ಬರುವುದಿಲ್ಲವೆಂದು ಅವರು ನಂಬಿದ್ದರಲ್ಲಿ ಆಶ್ಚರ್ಯವೇನು?

"ಹಂಗಾದ್ರೆ ನಂಗೆ ಓದಾಕೆ ಬರ್ತೈತಾ?" ಕಾಳಕ್ಕ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

"ಏನಂತ ಬರೀಲಿ ಮೇಡಂ? ಬರುತ್ತೆ ಅಂತಲಾ, ಬರಲ್ಲ ಅಂತಲಾ?" ಮುರುಗಪ್ಪನವರದೂ ಅದೇ ಪ್ರಶ್ನೆ.

"ಬರುತ್ತೆ ಅಂತ ಬರೀರಿ" ಎಂದರು ಏಕನಾಥಮ್ಮ. "ಯಾವ ಕಡೆಯಿಂದ ಅಂತ ಫಾರಂನಲ್ಲಿ ಕೇಳಿಲ್ಲವಲ್ಲ."

ಮುರುಗಪ್ಪನವರು ಹಾಗೇ ಬರೆದರು. ಬರೆದದ್ದನ್ನು ತಾವೇ ಎರಡು ಸಲ ಓದಿ ನೋಡಿಕೊಂಡರು. ಆಮೇಲೆ ಇಂಕಿನ ಪ್ಯಾಡಿಗಾಗಿ ಚೀಲ ತಡಕಿದರು. ಕಾಳಕ್ಕನ ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಎಲ್ಲದರಲ್ಲೂ ಹೆಬ್ಬೆಟ್ಟೇ ಇರುವುದು. ಇದುವರೆಗೆ ಯಾರು ಕೊಟ್ಟರೂ ಕಾಗದವನ್ನು ಅವರ ಕಡೆಗೆ ತಿರುಗಿಸಿಯೇ ಕೊಟ್ಟಿದ್ದರು. ಇವತ್ತು ಫಾರಂ ಇನ್ನೂ ಮುರುಗಪ್ಪನವರ ಕಡೆಗೇ ಮುಖ ಮಾಡಿ ನೆಲದ ಮೇಲಿತ್ತು. ಪ್ಯಾಡು ಸಿಗುವ ಮೊದಲೇ ಕಾಳಕ್ಕ ಎದುರಿನಿಂದ ಬಗ್ಗಿ, ಮಗುವಿನ ಸ್ಲೇಟಿಗೆ ತಿದ್ದಿಕೊಡುವ ಹಾಗೆ ಪೆನ್ನು ಊರಿ, ನಿಧಾನವಾಗಿ ತಮ್ಮ ಹೆಸರು ಬರೆದರು. ಅಕ್ಷರಗಳು ಅಧಿಕಾರಿಗೆ ನೇರವಾಗಿ, ದುಂಡಗೆ ಕಾಣಿಸಿದವು.

"ಒಳಗೇ ಕುಂತ್ಕಳಮ್ಮ" ಎಂದರು ಅವರು.

ಹೊರಗೆ ಜಗಲಿಯಲ್ಲಿ ನಾನು ಕಾಳಕ್ಕನ ಪಕ್ಕ ಕೂತು, ಇನ್ನೇನು ಆಸೆ ಎಂದು ಕೇಳಿದೆ. ನೇರ ಓದುವುದನ್ನು ಕಲಿಯಬೇಕು ಅನ್ನುತ್ತಾರೇನೋ ಎಂದುಕೊಂಡೆ. ಅವರು ತಮ್ಮ ಬೆರಳು ನೋಡಿಕೊಂಡರು.

"ಅದೆಲ್ಲ ಈಗ್ಯಾಕೆ? ನೆಟ್ಟಗೆ ಕಲಿಯಾಕೆ ಹೋದ್ರೆ ಇರೋದೂ ಮರ್ತುಹೋಯ್ತೈತೇನೋ. ಒಂದ್ ದಿನ ಎರಡನೇ ಕ್ಲಾಸಿನ ಚಾಪೆ ಮ್ಯಾಲೆ ಕುಂತು ನೋಡ್ಬೇಕು. ಅಲ್ಲಿ ಏನ್ ಹೇಳ್ಕೊಡ್ತಾರೋ ಏನೋ."

ಎರಡನೇ ತರಗತಿಯ ಚಾಪೆ ಅದೇ ಕೋಣೆಯಲ್ಲಿದೆ, ನಾಲ್ಕು ಅಡಿ ಆಚೆ.

ಒಂದು ಗಂಟೆಗೆ ಊಟದ ಗಂಟೆ ಹೊಡೆಯಿತು. ಮಕ್ಕಳು ಜಗಲಿಯಲ್ಲಿ ಸಾಲಾಗಿ ಕೂತವು. ಕಾಳಕ್ಕ ಎಂದಿನಂತೆ ಸಾಲಿನ ಹಿಂದೆ ನಿಂತರು. ಊಟ ಹಾಜರಿಯಲ್ಲಿ ಹೆಸರಿದ್ದ ಮಕ್ಕಳಿಗೆ ಮಾತ್ರ, ತನ್ನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲವೆಂದು, ಶಾಲೆಯಲ್ಲಿ ಅಡುಗೆ ಶುರುವಾದಾಗಿನಿಂದ ಅವರು ಇಲ್ಲಿ ಒಂದು ತುತ್ತೂ ತಿಂದಿಲ್ಲ. ಸಂಜೆ ಹಟ್ಟಿಗೆ ಹೋಗಿಯೇ ಊಟ. ಮುದ್ದಕ್ಕ ಮೊದಲ ತಟ್ಟೆಗೆ ಅನ್ನ, ಸಾರು ಬಡಿಸಿ, ಬಂದ ಅತಿಥಿಗೆಂದು ಮುರುಗಪ್ಪನವರ ಕೈಗೆ ಕೊಟ್ಟರು. ಅವರು ಅದನ್ನು ಹಿಡಿದುಕೊಂಡೇ ಮಕ್ಕಳ ಸಾಲು ದಾಟಿ ಹಿಂದಕ್ಕೆ ಹೋಗಿ, ತಟ್ಟೆಯನ್ನು ಕಾಳಕ್ಕನ ಕೈಗಿಟ್ಟರು.