ಕೆಂಪು ಗುಂಡಿಯ ಆಚೆ ಒಂದು ದನಿ

ಬೆಳಗಿನ ಐದೂ ನಲವತ್ತು. ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತದೆ. ಎರಡನೇ ಸಲ ಬಡಿದುಕೊಳ್ಳುವ ಮುಂಚೆಯೇ ಆಪರೇಟರ್ ಅಕ್ಕ ಎತ್ತಿಕೊಂಡಾಗಿದೆ. ಆ ಕಡೆ ಬರೀ ಏದುಸಿರು. "ಕೇಳಿಸ್ತಾ ಇದೆ. ನಾನು ಇಲ್ಲೇ ಇದ್ದೀನಿ," ಎನ್ನುತ್ತಾರೆ. ದನಿ ತಣ್ಣಗಿದೆ, ಮೇಜಿನ ಕೆಳಗೆ ಕಾಲು ಮಾತ್ರ ಒಂದೇ ಸಮನೆ ಕುಣಿಯುತ್ತಿದೆ.

ಲಿಫ್ಟು ನಡುದಾರಿಯಲ್ಲಿ ಕೆಟ್ಟು ನಿಂತಾಗ ಒತ್ತುವ ಕೆಂಪು ಗುಂಡಿಯ ಕರೆ ಈ ಕಿಟಕಿಯಿಲ್ಲದ ಕೋಣೆಗೆ ಬಂದು ಮುಟ್ಟುತ್ತದೆ. ಸಾವಿರದ ಇನ್ನೂರು ಲಿಫ್ಟು, ಪಾಳಿಗೆ ಒಬ್ಬರು. ಪಾಳಿಯೊಂದರಲ್ಲಿ ಬರುವ ಮೂವತ್ತು ಕರೆಗಳಲ್ಲಿ ಇಪ್ಪತ್ತು ಕೈತಪ್ಪಿ ಒತ್ತಿದವು, ಇಲ್ಲವೇ ಮಕ್ಕಳ ಚೇಷ್ಟೆ. ಉಳಿದ ಹತ್ತರಲ್ಲಿ ನಿಜಕ್ಕೂ ಯಾರೋ ಸಿಕ್ಕಿಕೊಂಡಿರುತ್ತಾರೆ. ಮೆಕ್ಯಾನಿಕ್ ತಲುಪುವವರೆಗೆ ಅವರನ್ನು ಮಾತಿನಲ್ಲಿ ಹಿಡಿದಿಡುವುದು ಅಕ್ಕನ ಹತ್ತೊಂಬತ್ತು ವರ್ಷಗಳ ಕೆಲಸ.

ಇಂದು ಸಿಕ್ಕಿಕೊಂಡಿರುವುದು ಬೇಕರಿಯ ಒಲೆ ಹಚ್ಚಲು ಹೊರಟಿದ್ದ ಒಬ್ಬರು. ಆರನೇ ಮತ್ತು ಏಳನೇ ಮಹಡಿಯ ನಡುವೆ, ಒಂಟಿಯಾಗಿ, ಕತ್ತಲಲ್ಲಿ. ಒಳಗೆ ಗಾಳಿಯೇ ಇಲ್ಲ, ಬಾಗಿಲು ಎಳೆದು ಕೆಳಗೆ ಹಾರುತ್ತೇನೆ ಎನ್ನುತ್ತಾರೆ. ಗಾಳಿ ಬರುವ ಕಿಂಡಿಗಳಿವೆ ಎಂದು ಅಕ್ಕ ಬಿಡಿಸಿ ಹೇಳಿದರೂ ತಲೆಗೆ ಹೋಗುತ್ತಿಲ್ಲ. ಅತ್ತ ಮೆಕ್ಯಾನಿಕ್‌ನಿಂದ ಸುದ್ದಿ: ಸೇತುವೆ ಮುಚ್ಚಿದ್ದಾರೆ, ಸುತ್ತು ಹಾಕಿ ಬರಬೇಕು, ಐವತ್ತು ನಿಮಿಷ.

ಹನ್ನೊಂದು ವರ್ಷದ ಹಿಂದೆ ಒಬ್ಬರು ಹೀಗೇ ಹಾರಲು ಹೋಗಿ, ಕಾಲು ಜಾರಿ, ಲಿಫ್ಟಿನ ಕೆಳಗಿನ ಹೊಂಡಕ್ಕೆ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆ ಸದ್ದು ಅಕ್ಕನ ಕಿವಿಯಲ್ಲಿ ಇನ್ನೂ ಇದೆ.

"ನಿಮ್ಮ ವಯಸ್ಸೆಷ್ಟು?" ಎಂದು ಕೇಳುತ್ತಾರೆ. ನಲವತ್ಮೂರು. "ಹಾಗಾದ್ರೆ ಬ್ರಿಕ್ ಗೇಮ್ ಆಡಿರ್ತೀರಿ. ಮೇಲಿಂದ ಇಟ್ಟಿಗೆ ಬೀಳೋದು, ಸಾಲು ತುಂಬಿದ್ರೆ ಮಾಯ ಆಗೋದು."

ಆ ಕಡೆ ಒಂದು ಕ್ಷಣ ಏದುಸಿರು ನಿಲ್ಲುತ್ತದೆ. "ಆಡಿದ್ದೀನಿ."

ಅಕ್ಕ ಓದುವಾಗ ಹಾಸ್ಟೆಲಿನಲ್ಲಿ ಅವರೂ ಸೇರಿ ನಾಲ್ವರು ಗೆಳತಿಯರಿಗೆ ಇದ್ದದ್ದು ಅಂಗೈಯಗಲದ ಒಂದೇ ಯಂತ್ರ. ಸೆಲ್ಲು ಸೋತರೆ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದರು. ಔಟಾದವರು ಎಲ್ಲರ ಹಾಸಿಗೆ ಮಡಚಬೇಕು. ಆ ಪಾಳಿ ಹೆಚ್ಚುಕಡಿಮೆ ದಿನವೂ ಅಕ್ಕನದೇ. ಇಟ್ಟಿಗೆಗಳ ವೇಗ ಏರಿದರೆ ಸಾಕು, ಗಾಬರಿಬಿದ್ದು ಕಂಡಲ್ಲಿ ಇಡುತ್ತಿದ್ದರು. ಸಣಕಲಿಯಾಗಿದ್ದ 'ಕಡ್ಡಿ' ಎಂಬ ಗೆಳತಿ ಹಿಂದಿನಿಂದ ಹೆಗಲು ಹಿಡಿದು, "ಮುಂದೆ ಬರೋದನ್ನ ನೋಡ್ಬೇಡ್ವೇ, ಈಗ ಬಂದಿರೋದನ್ನ ಇಡು," ಎನ್ನುತ್ತಿದ್ದಳು. ಉಳಿದಿಬ್ಬರು ಮಂಚದ ಮೇಲೆ ಕೂತು ನಗುತ್ತಿದ್ದರು. ಅಂಥ ಪುಕ್ಕಲಿ ಈ ಕೆಲಸ ಮಾಡುತ್ತಿದ್ದಾಳೆಂದು ಆ ಮೂವರು ಇವತ್ತಿಗೂ ನಂಬುವುದಿಲ್ಲವಂತೆ. "ನಂಗೇ ನಂಬಿಕೆ ಬರಲ್ಲ. ಪ್ರತಿ ಕರೆಗೂ ಜೀವ ಬಾಯಿಗೆ ಬರುತ್ತೆ," ಎಂದು ಕೇಳಿದವರಿಗೆ ಹೇಳುತ್ತಾರೆ ಅಕ್ಕ.

"ಕಣ್ಣ ಮುಂದೆ ಅದೇ ಪರದೆ ಇದೆ ಅಂದ್ಕೊಳ್ಳಿ. ಈಗ ಚೌಕ ಬಂತು. ಎಲ್ಲಿಡ್ತೀರಿ?"

"ಎಡಗಡೆ. ಮೂಲೆಗೆ."

"ಉದ್ದದ್ದು ಬಂತು."

ಲೋಹಕ್ಕೆ ಲೋಹ ಉಜ್ಜುವ ಸದ್ದು. ಆತ ಬಾಗಿಲಿಗೆ ಕೈ ಹಾಕಿದ್ದಾರೆ. ಅಕ್ಕ ಕುರ್ಚಿಯಿಂದ ಎದ್ದೇ ಬಿಡುತ್ತಾರೆ. ಕೂಗಿದರೆ ಕೆಟ್ಟಿತು ಎಂದು ಅವರಿಗೆ ಗೊತ್ತು. "ಬಾಗಿಲು ಬಿಡಿ. ಉದ್ದದ್ದು ಬೀಳ್ತಾ ಇದೆ," ಎನ್ನುತ್ತಾರೆ, ಮೊದಲಿಗಿಂತ ಮೆಲ್ಲಗೆ. "ಮುಂದೆ ಬರೋದನ್ನ ನೋಡ್ಬೇಡಿ. ಇದೊಂದನ್ನ ಇಡಿ."

ಸದ್ದು ನಿಲ್ಲುತ್ತದೆ. "ಮಲಗ್ಸಿ ಇಡ್ತೀನಿ. ಚೌಕದ ಪಕ್ಕಕ್ಕೆ."

ಹಾಗೆ ಇಬ್ಬರೂ ಕಾಣದ ಪರದೆಯ ಮೇಲೆ ಆಡುತ್ತಾರೆ. ಆತ ಒಮ್ಮೆ ತಪ್ಪು ಜಾಗ ಹೇಳಿ ತಾವೇ ತಿದ್ದಿಕೊಳ್ಳುತ್ತಾರೆ. ಅಣ್ಣತಮ್ಮಂದಿರು ಒಂದು ಯಂತ್ರಕ್ಕಾಗಿ ಕಿತ್ತಾಡುತ್ತಿದ್ದದ್ದನ್ನು ನೆನೆದು ಒಮ್ಮೆ ನಗುತ್ತಾರೆ ಕೂಡ. ಅಕ್ಕನ ಕಣ್ಣು ಗೋಡೆಯ ಗಡಿಯಾರ ಬಿಟ್ಟು ಕದಲುವುದಿಲ್ಲ. ಐವತ್ತನಾಲ್ಕನೇ ನಿಮಿಷಕ್ಕೆ ಲಿಫ್ಟು ಗರಗರ ಅನ್ನುತ್ತದೆ. ಬಾಗಿಲು ತೆರೆದ ಸದ್ದು, ಮೆಕ್ಯಾನಿಕ್‌ನ ದನಿ, ದಡಬಡ ಹೆಜ್ಜೆ. ಆಮೇಲೆ ಏನೂ ಇಲ್ಲ.

ಅಕ್ಕ ಮತ್ತೂ ಒಂದು ನಿಮಿಷ ಕಿವಿಗೊಟ್ಟು ಕೂರುತ್ತಾರೆ. ಆಮೇಲೆ ಫೋನು ಇಟ್ಟು ನೀರು ಕುಡಿಯುತ್ತಾರೆ. ಮೇಜಿನ ಕೆಳಗೆ ಕಾಲು ಇನ್ನೂ ಕುಣಿಯುತ್ತಿದೆ.

ಈ ಕೆಲಸದಲ್ಲಿ ನಿಮಗೇನು ಆಸೆ ಎಂದು ಯಾರಾದರೂ ಕೇಳಿದರೆ ಅಕ್ಕ ಹೇಳುವುದು ಇಷ್ಟೇ: "ಬಾಗಿಲು ತೆಗೆದ ಕೂಡ್ಲೇ ಎಲ್ರೂ ಓಡಿಬಿಡ್ತಾರೆ. ಅದು ಸರೀನೇ, ನಾನಾಗಿದ್ರೂ ಓಡ್ತಿದ್ದೆ. ಆದ್ರೆ ಯಾವತ್ತಾದ್ರೂ ಒಬ್ರು ತಿರುಗಿ 'ಅಕ್ಕ, ಹೊರಗೆ ಬಂದೆ' ಅಂತ ಒಂದು ಮಾತು ಹೇಳಿ ಓಡಿದ್ರೆ, ಆ ದಿನ ನನ್ನ ಕಾಲೂ ಸ್ವಲ್ಪ ಸುಮ್ನಿರುತ್ತೆ."