ಮೂಗಿಗೆ ಕರೆಂಟ್ ಇಟ್ಟ ದಿನಗಳು

ಮಳೆಗಾಲದಲ್ಲಿ ತೋಟದೊಳಗೆ ಬಗ್ಗಿ ಮೆಣಸಿನ ಬಳ್ಳಿ ನೋಡುತ್ತಿದ್ದಾಗ ಇಂಬಳ ನನ್ನ ಮೂಗಿಗೇ ಹತ್ತಿತು. ಕಾಲಿಗೆ ಹತ್ತಿ ರಕ್ತ ಹೀರುವುದು ನಮ್ಮ ಕಡೆ ಎಲ್ಲರಿಗೂ ಇದ್ದದ್ದೇ. ಮೂಗಿನವರೆಗೆ ಬರಬೇಕಾದರೆ ಆಸಾಮಿಯ ರಕ್ತಕ್ಕೆ ಅಷ್ಟು ರುಚಿ ಇರಬೇಕು ಎಂದು ತೋಟದ ಆಳುಗಳಿರುವ ಲೈನ್ ಮನೆಯ ಹೆಂಗಸರ ಮುಂದೆ ಕೊಚ್ಚಿಕೊಂಡೆ. ಅದನ್ನು ಕಿತ್ತು ಬಿಸಾಕಿ, ಗಾಯಕ್ಕೆ ಸುಣ್ಣ ಒತ್ತಿದೆ.

ಗಾಯ ಮಾಯಲಿಲ್ಲ.

ನಾನು ಎಸ್ಟೇಟಿನಲ್ಲಿ ರೈಟರ್ ಆಗಿ ಜೀವನ ಸವೆಸಿದವನು. ಆಳುಗಳ ಹಾಜರಿ ಬರೆಯುವುದು, ಪಿಕ್ಕಿಂಗ್ ಶುರುವಾದರೆ ಕಣದ ಬಿಸಿಲಲ್ಲಿ ನಿಂತು ಕಾಫಿ ಒಣಗಿಸುವುದನ್ನು ನೋಡಿಕೊಳ್ಳುವುದು. ಟೋಪಿ ಹಾಕಿದರೆ ಮೀಸೆಯ ಗತ್ತು ಕಡಿಮೆಯಾಗುತ್ತದೆ ಎಂದು ಬರಿತಲೆಯಲ್ಲೇ ನಿಲ್ಲುತ್ತಿದ್ದೆ. ಮಾದಾಪುರದ ಸುತ್ತಮುತ್ತ ನನ್ನ ಮೀಸೆಯಂಥದ್ದು ಇನ್ನೊಂದಿರಲಿಲ್ಲ. ನನ್ನಷ್ಟು ಚೆನ್ನಾಗಿ ಸುಳ್ಳು ಹೇಳಿ ನಗಿಸುವವನೂ ಇರಲಿಲ್ಲ. ಎರಡನ್ನೂ ಈಗ ನಾನೇ ಹೇಳಿಕೊಳ್ಳಬೇಕು.

ಮೂಗಿನ ಬಲಗಡೆಯ ಹುಣ್ಣು ಒಣಗಿದಂತೆ ಕಾಣುತ್ತಿತ್ತು. ಹಕ್ಕಳೆ ಕಟ್ಟುತ್ತಿತ್ತು. ಮುಖ ಒರೆಸಿದರೆ ಟವೆಲಿನಲ್ಲಿ ರಕ್ತ. ಮತ್ತೆ ಸುಣ್ಣ, ಅದರ ಮೇಲೆ ಹೊಗೆಸೊಪ್ಪು. ಹೀಗೆ ಇನ್ನೊಂದು ಮಳೆಗಾಲ ಬಂತು.

“ಇಂಬಳ ಕಚ್ಚಿದ್ ಗಾಯ ವರ್ಷಗಟ್ಲೆ ಇರುತ್ತೇನ್ರೀ? ಮಡಿಕೇರಿಗೆ ಹೋಗಿ ತೋರ್ಸಿ” ಅಂದಳು ಹೆಂಡತಿ ಜಾನಕಿ.

“ಅದು ಕೊಟ್ಟ ಮುತ್ತಿನ ಗುರುತು ಕಣೇ. ಹೊಟ್ಟೆಕಿಚ್ಚು ಪಡ್ಬೇಡ.”

ಅವಳು ನಗಲಿಲ್ಲ. ಕೈಹಿಡಿದು ಬಸ್ಸು ಹತ್ತಿಸಿದಳು.

ಮಡಿಕೇರಿಯ ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹುಣ್ಣಿನಿಂದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಅವರು ನನ್ನ ಮುಖ ನೋಡಲಿಲ್ಲ, ಜಾನಕಿಯ ಮುಖ ನೋಡಿದರು.

ಸ್ಕಿನ್ ಕ್ಯಾನ್ಸರ್.

“ಇಂಬಳ ಕಚ್ಚಿದ್ದಕ್ಕೆ ಇದು ಬಂದಿದ್ದಲ್ಲ. ನೀವು ಇಂಬಳದ ಗಾಯ ಅಂದ್ಕೊಂಡು ಇದಕ್ಕೆ ಸುಣ್ಣ ಹಚ್ತಾ ಕೂತ್ರಿ” ಅಂದರು. ಒಂದು ಜೋಕು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮೈಸೂರಿನ ಆಸ್ಪತ್ರೆಯಲ್ಲಿ ರೇಡಿಯೇಷನ್ ವಿಭಾಗದ ಡಾಕ್ಟರಮ್ಮ ಸುತ್ತಿಬಳಸಿ ಮಾತಾಡುವವರಲ್ಲ. ಆಪರೇಷನ್ ಮಾಡಿದರೆ ಬಲಗಡೆಯ ಹೊಳ್ಳೆ ಪೂರ್ತಿ ಹೋಗುತ್ತದೆ, ಹಣೆಯ ಚರ್ಮ ತಂದು ಕಟ್ಟಬೇಕು. ನನ್ನ ವಯಸ್ಸು, ನನ್ನ ಹಾರ್ಟು ನೋಡಿದರೆ ರೇಡಿಯೇಷನ್ನೇ ವಾಸಿ, ನಮ್ಮೂರವರ ಬಾಯಲ್ಲಿ ‘ಕರೆಂಟ್ ಇಡುವುದು’. ಕೆಲವು ವಾರ, ಸೋಮವಾರದಿಂದ ಶುಕ್ರವಾರ, ದಿನಾ ಸ್ವಲ್ಪ ಹೊತ್ತು. ಕೊಡುವಾಗ ನೋವಿಲ್ಲ. ನೋವು ಆಮೇಲೆ ಬರುತ್ತದೆ. ಚರ್ಮ ಕೆಂಪಾಗುತ್ತದೆ, ಸುಲಿಯುತ್ತದೆ, ರಸ ಸೋರುತ್ತದೆ. ಮುಗಿದ ಮೇಲೂ ಸ್ವಲ್ಪ ದಿನ ಹೆಚ್ಚಾಗಿಯೇ ಇಳಿಯುವುದು. ತಾವು ಬರೆದುಕೊಟ್ಟ ಕ್ರೀಮ್ ಬಿಟ್ಟು ಅರಿಶಿನವನ್ನೂ ಹಚ್ಚಬಾರದು.

“ಸುಣ್ಣಾನೂ” ಎಂದು ಸೇರಿಸಿದರು. “ಮತ್ತೆ ಮೀಸೆ. ಬಲಗಡೆ ಉದುರುತ್ತೆ. ವಾಪಸ್ ಬರದೇ ಇರಬಹುದು.”

ಕ್ಯಾನ್ಸರ್ ಅಂದಾಗಲೂ ನಾನು ಕೂತಲ್ಲಿಂದ ಎದ್ದಿರಲಿಲ್ಲ. ಮೀಸೆ ಅಂದಾಗ ಎದ್ದು ನಿಂತೆ.

ಜಾನಕಿ ಕೇಳಿದ್ದು ಬೇರೆ. “ಮನೆಗೆ ಮಕ್ಳುಮರಿ ಬರ್ತಾರೆ ಮೇಡಂ. ಇವರ ಹತ್ರ ಬಿಡ್ಬಹುದಾ?”

“ಧಾರಾಳವಾಗಿ. ಇದು ಹೊರಗಿಂದ ಕೊಡೋದು, ಮೈಯಲ್ಲಿ ಉಳಿಯಲ್ಲ. ಇವರಿಂದ ಯಾರಿಗೂ ಏನೂ ಆಗಲ್ಲ. ಕೂಸನ್ನೂ ಎತ್ಕೋಬಹುದು.”

ಈ ಮಾತು ನೆನಪಿಡಬೇಕಿತ್ತು. ನೆನಪಿತ್ತು ಕೂಡ. ಅದೇ ತಮಾಷೆ.

ಮೊದಲು ಮಾಸ್ಕ್ ಮಾಡಿದರು. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಒತ್ತಿ ಹಿಡಿದರು. ಅದು ತಣ್ಣಗಾಗಿ ಗಟ್ಟಿಯಾಯಿತು. ದಿನಾ ಅದನ್ನು ಹಾಕಿ, ಟೇಬಲ್ಲಿಗೆ ಬಿಗಿದು, ಕಣ್ಣಿಗೆ ಮರೆ ಇಟ್ಟು, ಎಲ್ಲರೂ ಹೊರಗೆ ಹೋಗಿ ಕೋಣೆಯ ಭಾರದ ಬಾಗಿಲು ಹಾಕುತ್ತಿದ್ದರು. ಬಿಸಿಯಿಲ್ಲ, ವಾಸನೆಯಿಲ್ಲ. ಒಂದು ಗುಂಯ್ ಶಬ್ದ. ನಗುವಂತಿಲ್ಲ, ಮಾತಾಡುವಂತಿಲ್ಲ, ತಲೆ ಅಲ್ಲಾಡಿಸುವಂತಿಲ್ಲ. ನನ್ನನ್ನು ಅಷ್ಟು ಹೊತ್ತು ಸುಮ್ಮನಿರಿಸಿದವರು ಭೂಮಿಯ ಮೇಲೆ ಬೇರೆ ಯಾರೂ ಇಲ್ಲ. ಒಳಗೆ ಮಲಗಿ ನನ್ನ ಉಸಿರನ್ನೇ ಕೇಳುತ್ತಿದ್ದೆ. ಹೆದರಿದ ಮನುಷ್ಯನ ಉಸಿರು ಹೇಗಿರುತ್ತದೆಂದು ಗೊತ್ತಾಯಿತು.

ಮೊದಮೊದಲು ಏನೂ ಆಗಲಿಲ್ಲ. ಶುಕ್ರವಾರ ಊರಿನ ಬಸ್ಸು ಹತ್ತಿ ಬಂದು, ಶನಿವಾರ ಚಾ ಅಂಗಡಿಯಲ್ಲಿ ರಾಜನ ಹಾಗೆ ಕೂತೆ. ಪಕ್ಕದ ತೋಟದ ಪೊನ್ನಪ್ಪ, ನನ್ನ ರಮ್ಮಿ ಜೋಡಿ, ಹತ್ತಿರ ಬಂದು ಮೂಗು ಇಣುಕಿ ನೋಡಿದ.

“ಏನ್ ರೈಟ್ರೇ, ಬರೇ ಕೆಂಪಾಗಿದೆ. ಇಷ್ಟಕ್ಕೆ ಅಷ್ಟ್ ದೊಡ್ಡ ಆಸ್ಪತ್ರೆಯಾ?”

“ದೂರ ನಿಲ್ಲು ಮಾರಾಯ. ಕರೆಂಟ್ ಇಟ್ಟಿದ್ದಾರೆ, ಮೈಯಲ್ಲೇ ಇದೆ. ನನ್ನ ಮುಟ್ಟಿದವರ ಕೂದ್ಲು ಉದುರುತ್ತಂತೆ. ಹಸುಗೂಸು ಇರೋ ಮನೆಯವ್ರಂತೂ ನಾ ಕುಡಿದ ಲೋಟನೂ ಮುಟ್ಬಾರ್ದಂತೆ.”

ಅಂಗಡಿಯವನು ನಕ್ಕ. ಪೊನ್ನಪ್ಪ ನಗಲಿಲ್ಲ. ಅವನ ಮಗಳು ಬಾಣಂತನಕ್ಕೆ ಬಂದಿದ್ದಳು. ಮನೆಯಲ್ಲಿ ಕೂಸಿತ್ತು. ಇನ್ನೊಂದು ವಾರ ಹೆದರಲಿ, ಆಮೇಲೆ ನಿಜ ಹೇಳೋಣ ಎಂದು ಒಳಗೊಳಗೇ ಕುಣಿದೆ.

ಮುಂದಿನ ವಾರ ಮೀಸೆ ಕೈಗೆ ಬಂತು.

ಮುಖ ತೊಳೆಯುವಾಗ ಬಲಗಡೆಯದು ಹಾಗೇ ಬೆರಳಿಗೆ ಅಂಟಿಕೊಂಡು ಬಂತು. ಎಡಗಡೆಯದು ಹುರಿಗೊಂಡು ನಿಂತೇ ಇತ್ತು. ಅದೇ ಮುಖ ಹೊತ್ತು ಊರಿಗೆ ಬಂದೆ. ಕರೆಂಟಿನಿಂದ ಕೂದಲು ಉದುರುತ್ತದೆ ಎಂದು ನಾನೇ ಸಾರಿದ್ದೆ, ಈಗ ಸಾಕ್ಷಿಯನ್ನೂ ನಾನೇ ತಂದಿದ್ದೆ. ಚಾ ಅಂಗಡಿಯವನು ನನಗೆ ಪೇಪರ್ ಕಪ್ಪಿನಲ್ಲಿ ಚಾ ಕೊಟ್ಟ. ಬೇರೆಯವರಿಗೆಲ್ಲ ಗಾಜಿನ ಲೋಟ.

“ಅದು ತಮಾಷೆಗೆ ಹೇಳಿದ್ದು ಕಣ್ರೋ” ಅಂದೆ.

“ಗೊತ್ತು ರೈಟ್ರೇ, ಗೊತ್ತು” ಅಂದರು. ಯಾರೂ ಹತ್ತಿರ ಬರಲಿಲ್ಲ. ಜೀವಮಾನವೆಲ್ಲ ಸುಳ್ಳು ಹೇಳಿ ನಗಿಸಿದವನು ಮೊದಲ ಸಲ ನಿಜ ಹೇಳಿದರೆ ಹೀಗೇ ಆಗುವುದು. ಪೊನ್ನಪ್ಪನಿಗೆ ಫೋನ್ ಮಾಡಿದೆ. ಬೆಲ್ ಹೊಡೆದು ಹೊಡೆದು ನಿಂತಿತು.

ಆಮೇಲಿನ ವಾರಗಳು ಕೆಟ್ಟವು. ಮೂಗಿನ ಚರ್ಮ ಸುಲಿದು ಹಸಿ ಮಾಂಸವಾಯಿತು. ಒಳಗೆ ಹಕ್ಕಳೆ ಕಟ್ಟಿ ಉಸಿರಿಗೆ ದಾರಿಯಿಲ್ಲ. ಸೀನು ಬಂದರೆ ರಕ್ತ. ಮಲಗಿದರೆ ದಿಂಬಿಗೆ ಅಂಟಿಕೊಳ್ಳುತ್ತಿತ್ತು. ಸುಸ್ತು ಎಷ್ಟೆಂದರೆ ಬಸ್ಸಿನ ಮೆಟ್ಟಿಲು ಹತ್ತಲು ಜಾನಕಿ ಹಿಂದಿನಿಂದ ನೂಕಬೇಕು. ಟ್ರೀಟ್‌ಮೆಂಟ್ ಮುಗಿದ ದಿನ ಇನ್ನು ಇಳಿಯುತ್ತದೆ ಎಂದುಕೊಂಡೆ. ಡಾಕ್ಟರಮ್ಮ ಹೇಳಿದಂತೆ ಇನ್ನೂ ಏರಿತು. ಮನೆಗೆ ಬಂದಾಗ ತೋಟವೆಲ್ಲ ಕಾಫಿ ಹೂ ಬಿಟ್ಟು ಬೆಳ್ಳಗಿತ್ತು. ಇಡೀ ಬದುಕು ಆ ಘಮದಲ್ಲಿ ಕಳೆದವನ ಮೂಗಿಗೆ ಬಂದದ್ದು ರಕ್ತದ ವಾಸನೆಯೊಂದೇ.

ಕನ್ನಡಿಗೆ ಜಾನಕಿ ಟವೆಲ್ ಹೊದಿಸಿದ್ದಳು.

ಒಂದು ಸಂಜೆ ಲೈನ್ ಮನೆಯ ಮೂರು ನಾಲ್ಕು ಹೆಂಗಸರು ನೋಡಲು ಬಂದರು. ಅಂಗಳದಲ್ಲೇ ನಿಂತರು, ಜಗಲಿ ಹತ್ತಲಿಲ್ಲ. ಅವರ ಹಿಂದೆ, ಗೇಟಿನ ಹತ್ತಿರ, ಪೊನ್ನಪ್ಪ. ಒಳಗೆ ಬರುವ ಮನಸ್ಸು, ಬರಲು ಭಯ. ನಾನು ಅರ್ಧ ಕುಡಿದ ಗಂಜಿಯ ಲೋಟ ಕೆಳಗಿಟ್ಟೆ. ಅದರ ಅಂಚಿಗೆ ರಕ್ತ ತಾಗಿತ್ತು.

ಜಾನಕಿ ಬಂದಳು. ಸೆರಗಿನಿಂದ ಅಂಚು ಒರೆಸಿದಳು. ಎಲ್ಲರ ಮುಂದೆ, ನಿಂತಲ್ಲೇ, ಉಳಿದ ಗಂಜಿಯನ್ನು ಗಟಗಟ ಕುಡಿದಳು.

“ಇವರು ಹೇಳಿದ್ದು ಸುಳ್ಳು” ಅಂದಳು. “ಇವರು ಯಾವಾಗ ನಿಜ ಹೇಳಿದ್ರು? ದಿನಾ ಇವರ ಪಕ್ಕದಲ್ಲೇ ಮಲಗ್ತೀನಿ. ನನ್ನ ಜಡೆ ನೋಡಿ, ಒಂದ್ ಎಳೆ ಉದುರಿದೆಯಾ? ಬರೋರು ಬನ್ನಿ. ಬರದೇ ಇರೋರು ಅಲ್ಲಿಂದ ಇಣುಕ್ಬೇಡಿ.”

ನನಗೆ ಅಳು ಬಂತು. ಕಣ್ಣೀರು ಹಸಿ ಗಾಯಕ್ಕೆ ತಾಗಿದರೆ ಎಷ್ಟು ಉರಿಯುತ್ತದೆಂದು ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ.

ಹೆಂಗಸರು ಜಗಲಿ ಹತ್ತಿದರು. ಪೊನ್ನಪ್ಪ ಗೇಟಿನಿಂದಲೇ ವಾಪಸಾದ.

ನಿಧಾನವಾಗಿ ಹಕ್ಕಳೆ ಬಿದ್ದು, ಕೆಳಗೆ ತೆಳುವಾದ, ಬಿಳಿಚಿದ ಹೊಸ ಚರ್ಮ ಕಂಡಿತು. ಹೊಳ್ಳೆ ಉಳಿದಿದೆ. ಮೊನ್ನೆ ಚೆಕಪ್‌ನಲ್ಲಿ ಡಾಕ್ಟರಮ್ಮ ಲೆನ್ಸ್ ಹಿಡಿದು ನೋಡಿ “ಸದ್ಯಕ್ಕೆ ಚೆನ್ನಾಗಿದೆ” ಅಂದರು. ಸದ್ಯಕ್ಕೆ ಅನ್ನುವುದನ್ನು ಒತ್ತಿ ಹೇಳಿದರು. ಆಗಾಗ ಬರಬೇಕು, ಬಿಸಿಲಿಗೆ ಹೋದರೆ ಟೋಪಿ ಬೇಕು. ಉಳಿದರ್ಧ ಮೀಸೆಯನ್ನು ನಾನೇ ಬೋಳಿಸಿದೆ. ಬಲಗಡೆಯದು ಬರುವ ಲಕ್ಷಣ ಇನ್ನೂ ಇಲ್ಲ.

ಪೊನ್ನಪ್ಪ ಒಂದು ಮಧ್ಯಾಹ್ನ ಇಸ್ಪೀಟು ಜೇಬಲ್ಲಿಟ್ಟುಕೊಂಡು ಬಂದ. ಅಂಗಳಕ್ಕೆ ಕುರ್ಚಿ ಎಳೆದುಕೊಂಡು ಕೂತ. ಮಧ್ಯೆ ಸ್ಟೂಲು. ಎಲೆಗಳನ್ನು ಅದರ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ.

“ಬೇಜಾರ್ ಮಾಡ್ಕೋಬೇಡಿ ರೈಟ್ರೇ. ಮನೇಲಿ ಕೂಸಿದೆ” ಅಂದ.

“ಗೊತ್ತು” ಅಂದೆ. ಅಷ್ಟೇ ಅಂದೆ.

ಈಗ ವಾರಕ್ಕೊಮ್ಮೆ ಬರುತ್ತಾನೆ. ಕುರ್ಚಿ ಅಂಗಳದಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಜಗಲಿಗೆ ಬಂದಿದೆ. ನಿನ್ನೆ ನಾನು ಕೂತ ಬೆಂಚಿನ ಆ ತುದಿಯಲ್ಲಿ ಕೂತ. ನಮ್ಮ ನಡುವೆ ಇನ್ನೊಬ್ಬ ಕೂರುವಷ್ಟು ಜಾಗ ಇತ್ತು. ಜಾನಕಿ ಕಾಫಿ ತಂದಿಟ್ಟಳು. ಅವನು ಲೋಟವನ್ನು ಸುಮಾರು ಹೊತ್ತು ನೋಡಿದ. ನಾನು ತಲೆ ತಗ್ಗಿಸಿ ಎಲೆ ಜೋಡಿಸುತ್ತಾ ಕೂತೆ. ಆಮೇಲೆ ಸೊರ್ ಎಂದು ಹೀರಿದ ಸದ್ದು ಕೇಳಿತು.