ಒಬ್ಬರ ಗುಳಿಗೆ, ಇಬ್ಬರ ಪಾಲು

ಎಂಟಕ್ಕೆ ಅಲಾರಾಂ ಹೊಡೆದಾಗ ಸುಮನಳ ಕೈ ಜೋಳದ ಹಿಟ್ಟಿನಲ್ಲಿತ್ತು. ಹಂಚಿನ ಮೇಲಿನ ರೊಟ್ಟಿ ಬಿಟ್ಟು ಕೈ ತೊಳೆದು, ಗುಳಿಗೆ ನುಂಗಿ, ಕ್ಯಾಲೆಂಡರಿನಲ್ಲಿ ಗೆರೆ ಎಳೆದಳು. ಏಳು ವರ್ಷಗಳಲ್ಲಿ ಎಷ್ಟೋ ರೊಟ್ಟಿ ಸೀದಿದ್ದವು. ಎಚ್‌ಐವಿ ಗುಳಿಗೆಯ ಹೊತ್ತು ಮಾತ್ರ ಮರೆತಿರಲಿಲ್ಲ.

ಹನ್ನೊಂದಕ್ಕೆ ಔರಂಗಾಬಾದಿನ ಚಿಕಿತ್ಸಾ ಕೇಂದ್ರದಲ್ಲಿ ಸಮಾಲೋಚಕಿ ಅಲಕಾ ರಿಪೋರ್ಟು ಮುಂದಿಟ್ಟಳು. ಸುಮನಳ ರಕ್ತದಲ್ಲೂ ಗಂಡ ಮಧುಕರನ ರಕ್ತದಲ್ಲೂ ವೈರಸ್ ಏರಿತ್ತು. ಅಲಕಾ ಸೊಲ್ಲಾಪುರದವಳು, ಕನ್ನಡ ಬಲ್ಲವಳು; ಸುಮನಳನ್ನು ಮಾತ್ರ ಮರಾಠಿಯಲ್ಲಿ ವಹಿನಿ, ಅಂದರೆ ಅತ್ತಿಗೆ, ಎನ್ನುವಳು.

"ವಹಿನಿ, ಗುಳಗಿ ತಪ್ಪಸ್ತೀರಿ. ಖರೆ ಹೇಳ್ರಿ."

"ಕ್ಯಾಲೆಂಡರ್ ಕಿತ್ಕೊಂಡು ಬರ್ಲೇನು?"

"ಮತ್ತ ವೈರಸ್ ಸುಮ್ಮನ ಏರತದೇನ್ರಿ?"

ಸುಮ್ಮನೆ ಏರಿರಲಿಲ್ಲ. ಎರಡು ವರ್ಷದ ಹಿಂದೆ ಬ್ಯಾಂಕು ಮಧುಕರನನ್ನು ನಾಸಿಕದಿಂದ ಇಲ್ಲಿಗೆ ವರ್ಗ ಮಾಡಿತ್ತು. ಸಾಮಾನಿನ ಲಾರಿ ಮರುದಿನವೇ ಬಂತು, ಗ್ಯಾಸ್ ಕನೆಕ್ಷನ್ ನಾಲ್ಕು ದಿನಕ್ಕೆ. ಸುಮನಳ ಚಿಕಿತ್ಸೆಯ ವರ್ಗಾವಣೆ ಕಾಗದವೂ ಬಂತು. ಮಧುಕರನದು ಬರಲಿಲ್ಲ. ಕಳಿಸಿದ್ದೇವೆ ಎಂದರು ಅಲ್ಲಿಯವರು. ಬಂದಿಲ್ಲ, ಕಾಗದವಿಲ್ಲದೆ ಗುಳಿಗೆಯಿಲ್ಲ ಎಂದರು ಇಲ್ಲಿಯವರು. ಹೀಗೆ ಏಳು ವಾರ ಕಳೆದ ಮೇಲೆ ಕಾಗದ ಬಂತು.

ಅವನ ಡಬ್ಬಿ ಖಾಲಿಯಾದ ದಿನ ಸುಮನ ತನ್ನದನ್ನು ಮುಂದಿಟ್ಟಳು. "ಮುಂಜಾನೀದು ನಿಮಗ, ರಾತ್ರೀದು ನನಗ."

"ಬ್ಯಾಡ, ಅದು ನಿನಗಂತ ಬರ್ದು ಕೊಟ್ಟದ್ದು."

"ಇದ್ದದ್ದ ಹಂಚಿ ಉಣ್ಣೂ ಮನ್ಯಾಗ ಔಷಧ ಒಬ್ಬಾಕಿನ ತಿನ್ಲೇನ್ರಿ?"

ಅರ್ಧ ಔಷಧ ವೈರಸ್ಸನ್ನು ಅಡಗಿಸುವುದಿಲ್ಲ. ಆ ಔಷಧವನ್ನು ಎದುರಿಸಿ ಬದುಕುವ ವೈರಸ್ಸೇ ಬೆಳೆಯಲು ಎಡೆ ಕೊಡುತ್ತದೆ. ಆಮೇಲೆ ಪೂರ್ತಿ ನುಂಗಿದರೂ ಅದು ಮಣಿಯುವುದಿಲ್ಲ. ಕಿಟಕಿಯಾಚೆ ಕೂತು "ನಾಳೆ ಬನ್ನಿ" ಎಂದವರಿಗೆ ಇದು ಗೊತ್ತಿತ್ತು. ಹಂಚಿಕೊಂಡವರಿಗೆ ಯಾರೂ ಹೇಳಿರಲಿಲ್ಲ.

ಹಂಚಿಕೊಂಡದ್ದನ್ನು ಸುಮನ ಈಗ ಹೇಳಿದಳು. "ಹಂಚ್ಕೊಂಡ್ರೀ? ಎಂಥಾ ಹುಚ್ಚುತನ!" ಅಲಕಾ ಪೆನ್ನು ಎತ್ತಿ ಕಾರಣದ ಸಾಲಿನಲ್ಲಿ ಬರೆದಳು: ರೋಗಿಗಳ ನಿರ್ಲಕ್ಷ್ಯ.

ಸುಮನ ಅದನ್ನು ಓದಿದಳು. ಹಳೆಯದು ನಾಟದಿದ್ದಾಗ ಕೊಡುವ ಎರಡನೇ ಹಂತದ ಔಷಧಕ್ಕೆ ಮುಂಬಯಿಯ ಸಮಿತಿ ಒಪ್ಪಬೇಕು. ನಿರ್ಲಕ್ಷ್ಯ ಎಂದಿದ್ದರೆ ಮೊದಲು ಮೂರು ತಿಂಗಳು ಬುದ್ಧಿಮಾತು, ಅಲ್ಲಿಯವರೆಗೆ ಅದೇ ಕೆಲಸಕ್ಕೆ ಬಾರದ ಗುಳಿಗೆ.

"ಅದನ್ನ ಹೊಡದ ಹಾಕ್ರಿ."

"ವಹಿನಿ, ಹಿಂದ ಪಾಳಿ ಅದ."

"ಇರಲಿ. ಗ್ಯಾಸಿನ ಸಿಲಿಂಡರ್ ನಾಕು ದಿನದಾಗ ಊರು ಬದಲಿಸ್ತು. ನಮ್ಮ ಮನಿಯವರ ಕಾಗದಕ್ಕ ಏಳು ವಾರ ಕಾಲು ಮೂಡಲಿಲ್ಲ. ನಿರ್ಲಕ್ಷ್ಯ ಯಾರದು, ನಿಮ್ಮ ಕೈಲೇ ಬರೀರಿ. ಬರ್ಯೂತನ ನಾ ಏಳೂದಿಲ್ಲ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಸುಮನ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಎಳೆದುಕೊಂಡಳು. ಅಲಕಾ ಹಳೆಯ ರಿಜಿಸ್ಟರು ತರಿಸಿ ತಾರೀಖು ನೋಡಿದಳು. ಆ ಎರಡು ಪದಗಳನ್ನು ಹೊಡೆದು ಹಾಕಿ ಮೇಲೆ ಬರೆದಳು: ಕಾಗದ ತಲುಪದ ಕಾರಣ ಏಳು ವಾರ ಔಷಧ ಕೊಟ್ಟಿಲ್ಲ.

ಇಬ್ಬರ ಕಡತಗಳೂ ಮೂರು ತಿಂಗಳು ಕಾಯದೆ ಈ ಗುರುವಾರವೇ ಮುಂಬಯಿಗೆ ಹೋಗುತ್ತವೆ. ಒಪ್ಪಿಗೆ ಬರುವವರೆಗೆ ಹಳೆಯ ಗುಳಿಗೆಯೇ.